ರಜಾ ಸ್ಟೇಷನ್ ಮಾಸ್ಟರ್

ಇಂಗ್ಲೆಂಡಿನಲ್ಲಿ ರೈಲು ಬಾರದೆ ಪಾಳುಬಿದ್ದ ಹಳೆಯ ನಿಲ್ದಾಣಗಳನ್ನು ಜೀರ್ಣೋದ್ಧಾರ ಮಾಡಿ ರಜೆಯ ಬಿಡಾರಗಳಾಗಿ ಬಾಡಿಗೆಗೆ ಕೊಡುವ ಪದ್ಧತಿ ಬೆಳೆದಂತೆಲ್ಲ, ಅದರ ನೆರಳಿನಲ್ಲಿ ಒಂದು ವಿಶಿಷ್ಟ ಮನುಷ್ಯಜಾತಿಯೂ ಬೆಳೆದಿದೆ. ಗಾಡಿ ಹತ್ತಲಿಕ್ಕಲ್ಲ, ನಿಲ್ದಾಣದಲ್ಲೇ ಉಳಿಯಲಿಕ್ಕೆಂದು ಹೆಂಡತಿ, ಮಕ್ಕಳು ಮತ್ತು ಇಲ್ಲವೆನ್ನಲಾರದ ಒಬ್ಬ ಸ್ನೇಹಿತನನ್ನು ಹೊರಡಿಸಿಕೊಂಡು ಬರುವ ಈತನನ್ನು ರಜಾ ಸ್ಟೇಷನ್ ಮಾಸ್ಟರ್ ಎನ್ನಬಹುದು.

ಈತನ ಅಧ್ಯಯನಕ್ಕೆ ಸ್ಟಾಫರ್ಡ್‌ಶೈರಿನ ಆಲ್ಟನ್ ನಿಲ್ದಾಣ ಪ್ರಶಸ್ತವಾದ ಸ್ಥಳ. 1849ರಲ್ಲಿ ನಾರ್ತ್ ಸ್ಟಾಫರ್ಡ್‌ಶೈರ್ ರೈಲ್ವೆ ಕಂಪನಿ ತೆರೆದ ಚರ್ನೆಟ್ ಕಣಿವೆ ಮಾರ್ಗದಲ್ಲಿ, ಇಟಲಿಯ ಹಳ್ಳಿಮಹಲುಗಳ ಶೈಲಿಯಲ್ಲಿ ಗೋಪುರಸಹಿತ ಎದ್ದ ಈ ನಿಲ್ದಾಣಕ್ಕೆ 1965ರಲ್ಲಿ ಗಾಡಿ ಬರುವುದು ನಿಂತಿತು; ಹಳೆಯ ಕಟ್ಟಡಗಳನ್ನು ಉಳಿಸಿ ಬಾಡಿಗೆಯ ಹಣದಿಂದ ನೋಡಿಕೊಳ್ಳುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ಮುಂದೆ ಇದನ್ನು ವಹಿಸಿಕೊಂಡಿತು. ಹಳಿ ಕಿತ್ತ ಜಾಗ ಈಗ ಕಾಲುದಾರಿ. ಪ್ಲಾಟ್‌ಫಾರ್ಮ್ ಮಾತ್ರ ಹಾಗೆಯೇ ಇದೆ, ಆಪತ್ತಿನ ಮೂಲವೂ ಅದೇ.

ಬೆಳಗಿನ ತಿಂಡಿ ಮೇಜಿಗೆ ಬರುವ ಹೊತ್ತಿಗೆ ಸರಿಯಾಗಿ ರಜಾ ಸ್ಟೇಷನ್ ಮಾಸ್ಟರ್ ಕೊರಳಿಗೆ ಸೀಟಿ, ಕಂಕುಳಿಗೆ ಹಸಿರು ಬಾವುಟ ಸೇರಿಸಿಕೊಂಡು, ಹಳೆಯ ವೇಳಾಪಟ್ಟಿಯ ಪ್ರತಿಯನ್ನು ಬಿಚ್ಚಿ, ಎಲ್ಲರನ್ನೂ ಪ್ಲಾಟ್‌ಫಾರ್ಮಿಗೆ ಕರೆಯುತ್ತಾನೆ. ಸ್ನೇಹಿತನ ಕೈಗೆ ಖಾಲಿ ಸೂಟ್‌ಕೇಸೊಂದು ಬರುತ್ತದೆ. ಗಾಡಿ ಬರುವ ಹೊತ್ತಾಗುತ್ತದೆ, ಮೀರುತ್ತದೆ, ಒಳಗೆ ಟೀ ಆರಿ ತಣ್ಣಗಾಗುತ್ತದೆ. ನಾಯಿ ಹಿಡಿದುಕೊಂಡು ಕಾಲುದಾರಿಯಲ್ಲಿ ಬಂದ ಮುದುಕಿಯೊಬ್ಬಳಿಗೆ ಬಾವುಟ ಬೀಸಿ, ಸೀಟಿ ಊದಿ, ದಾರಿಬಿಟ್ಟ ಮೇಲಷ್ಟೇ ಸಭೆ ವಿಸರ್ಜನೆಯಾಗುತ್ತದೆ. ಸೂಟ್‌ಕೇಸು ಹಿಡಿದವನು ಮರುದಿನ ಯಾರೂ ಹೇಳದೆ ತಾನೇ ಅದನ್ನೆತ್ತಿಕೊಂಡು ನಿಂತಿರುತ್ತಾನೆಂಬುದನ್ನೂ, ಮುದುಕಿ ತಡವಾದರೆ ಕೈಗಡಿಯಾರ ನೋಡಿಕೊಳ್ಳುತ್ತಾನೆಂಬುದನ್ನೂ ಇಲ್ಲಿ ಮುಚ್ಚಿಡುವುದು ಶಾಸ್ತ್ರೀಯ ಪ್ರಾಮಾಣಿಕತೆಗೆ ಒಪ್ಪುವುದಿಲ್ಲ.

ಉಳಿದ ಲಕ್ಷಣಗಳನ್ನು ಸಂಕ್ಷೇಪವಾಗಿ ಹೇಳಬಹುದು. ಈತ ಬಾಗಿಲಿನ ಹಿಡಿಯ ವಂಶವೃತ್ತಾಂತ ಬಲ್ಲ, ಮನೆಯಲ್ಲಿರುವ ಅತಿಥಿಗಳ ದಿನಚರಿ ಪುಸ್ತಕದಲ್ಲಿ ಹಿಂದಿನವರ ತಪ್ಪುಗಳನ್ನು ತಿದ್ದುತ್ತಾನೆ, ಟಿ.ವಿ. ಇಲ್ಲದ ಆ ಮನೆಯಲ್ಲಿ ಅದರ ಕೊರತೆಯನ್ನು ತಾನೇ ತುಂಬುತ್ತಾನೆ. ರಾತ್ರಿಯೂಟದ ಹೊತ್ತಿಗೆ, 1963ರ ವರದಿಯಲ್ಲಿ 2,000ಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಲು ಸೂಚಿಸಿದ ರಿಚರ್ಡ್ ಬೀಚಿಂಗ್‌ರ ವಿಚಾರಣೆ ಶುರುವಾಗಿ, ಪುಡಿಂಗಿನ ವೇಳೆಗೆ ಶಿಕ್ಷೆ ಪ್ರಕಟವಾಗುತ್ತದೆ. ಇದೇ ಮಾರ್ಗಕ್ಕಾಗಿ ರೈಲ್ವೆ ಕಂಪನಿಯು ಯುಟಾಕ್ಸಿಟರ್ ಕಾಲುವೆಯನ್ನು ಮುಚ್ಚಿಸಿ, ಅದರ ಪಾತ್ರದ ಮೇಲೆಯೇ ಅಲ್ಲಲ್ಲಿ ಹಳಿ ಹಾಸಿತ್ತೆಂದು ಯಾರಾದರೂ ನೆನಪಿಸಿದರೆ, ಅದು ಪ್ರಗತಿ ಎಂದು ಉತ್ತರ ಬರುತ್ತದೆ. ಇಷ್ಟೆಲ್ಲ ಮಾತಾಡುವವನು ಬಂದಿಳಿದದ್ದು ಕಾರಿನಲ್ಲಿ.

ಜನ ಕಾರು ಹಿಡಿದದ್ದರಿಂದಲೇ ಇಂಥ ಮಾರ್ಗಗಳು ಸೊರಗಿದವೆಂದು ಈತನಿಗೂ ಗೊತ್ತು. ಓಡುವ ರೈಲು ತಡವಾದರೆ ಸಿಡಿಮಿಡಿಗೊಳ್ಳುವವನು ನಿಂತುಹೋದ ರೈಲಿಗೆ ಇಷ್ಟು ತಾಳ್ಮೆ ತೋರುವುದು ವಿಚಿತ್ರವೆನಿಸಿದರೂ, ಬಳಕೆಯಲ್ಲಿದ್ದಾಗ ಬೈದು, ಹೋದ ಮೇಲೆ ಹಂಬಲಿಸುವುದು ರೈಲಿನ ಮಟ್ಟಿಗಷ್ಟೇ ಇರುವ ಚಾಳಿಯಲ್ಲ. ಹಂಬಲಿಸುವವರಲ್ಲಿ ಹೆಚ್ಚಿನವರು ನಿಟ್ಟುಸಿರುಬಿಟ್ಟು ಸುಮ್ಮನಾಗುತ್ತಾರೆ. ಈತ ಬಾಡಿಗೆ ಕಟ್ಟುತ್ತಾನೆ. ಗೋಪುರದ ಸೂರು ಸೋರದಿರುವುದು ಆ ಹಣದಿಂದ. ಸೀಟಿಯ ಸದ್ದನ್ನು ಆ ಲೆಕ್ಕಕ್ಕೆ ಹಾಕಿಕೊಂಡು ಸಹಿಸುವುದೇ ಜೊತೆಗಾರರ ಧರ್ಮ.