ಅಂಕಿತನಾಮದ ಅಧೋಗತಿ: ರಾಮಕೃಷ್ಣನಗರದ ಸಾಕ್ಷ್ಯಸಹಿತ ಒಂದು ವ್ಯಾಕರಣ ವಿಚಾರ

ಕನ್ನಡ ಶಾಲಾ ವ್ಯಾಕರಣ ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಪಾಲು ಮಾಡಿ ಕೈತೊಳೆದುಕೊಂಡಿದೆ. ಹೊಳೆ, ಬೆಟ್ಟ ರೂಢ. ಬೋರೇಗೌಡ, ಗೌರಮ್ಮ ಅಂಕಿತ. ಜಾಣ, ವ್ಯಾಪಾರಿ ಅನ್ವರ್ಥ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತವರು ‘ಅವನೊಬ್ಬ ಶಕುನಿ ಕಣ್ರೀ’ ಎಂದಾಗ ಆ ಶಕುನಿಯನ್ನು ಯಾವ ಖಾನೆಗೆ ಹಾಕುವುದು? ಗಾಂಧಾರದ ರಾಜಕುಮಾರನಿಗೂ ಬಡಾವಣೆಯ ಸಂಘದ ಲೆಕ್ಕಪತ್ರಕ್ಕೂ ಯಾವ ನಂಟೂ ಇಲ್ಲ.

ಈ ಪ್ರಶ್ನೆಯ ಕ್ಷೇತ್ರಕಾರ್ಯಕ್ಕೆ ಮೈಸೂರಿನ ರಾಮಕೃಷ್ಣನಗರಕ್ಕಿಂತ ತಕ್ಕ ಜಾಗವಿಲ್ಲ. ಆಂದೋಲನ ವೃತ್ತದಿಂದ ಯಾವ ಕಡೆ ಹೊರಟರೂ ಅಂಕಿತನಾಮವೇ ಅಡ್ಡ ಬರುತ್ತದೆ: ವಿವೇಕಾನಂದನಗರ, ಶಾರದಾದೇವಿನಗರ, ನಿವೇದಿತಾನಗರ, ಕುವೆಂಪುನಗರ. ಗುರು, ಗುರುಪತ್ನಿ, ಶಿಷ್ಯ, ಶಿಷ್ಯನ ಶಿಷ್ಯೆ, ಜೊತೆಗೆ ಗುರುಶಿಷ್ಯರಿಬ್ಬರ ಜೀವನಚರಿತ್ರೆಯನ್ನೂ ಕನ್ನಡದಲ್ಲಿ ಬರೆದ ಕವಿ. ಇಡೀ ಪರಂಪರೆಯೇ ನಿವೇಶನಗಳಾಗಿ ಹಂಚಿಕೆಯಾಗಿದೆ. ಒಳಗೆ ಹೊಕ್ಕರೆ ಮಾತ್ರ ಅಧ್ಯಾತ್ಮ ಮುಗಿದು ಇ ಅಂಡ್ ಎಫ್ ಬ್ಲಾಕ್ ಶುರುವಾಗುತ್ತದೆ.

ಕೇಶಿರಾಜನ ದಾರಿ ಹಿಡಿದು, ಮೊದಲು ಸೂತ್ರ: ‘ಅಂಕಿತಂ ಬಹುತ್ವಮನೆಯ್ದಿದೊಡೆ ಬೈಗುಳಮಕ್ಕುಂ.’ ಹದಿಮೂರನೇ ಶತಮಾನದ ಆ ಮಹನೀಯ ತನ್ನ ಸೂತ್ರಗಳನ್ನು ಕಂದಪದ್ಯಕ್ಕೆ ಕೂರಿಸಿದ್ದ. ಇದು ಕೂರಲು ಒಪ್ಪಲಿಲ್ಲ. ವೃತ್ತಿ: ಒಬ್ಬನ ಹೆಸರು ಹಲವರಿಗೆ ಸಲ್ಲುವಂತಾದರೆ ಆ ಹೆಸರು ಹೊತ್ತವನಿಗೆ ಕಷ್ಟ ಕಾದಿದೆ. ಪ್ರಯೋಗ: ‘ಮನೆ ತುಂಬ ಕುಂಭಕರ್ಣರು’, ‘ಆಫೀಸಲ್ಲೆಲ್ಲ ನಾರದರು’.

ಉಪಸೂತ್ರ ಇನ್ನೂ ಮುಖ್ಯ. ಒಳ್ಳೆಯವರ ಹೆಸರಿನ ಹಿಂದೆ ‘ದೊಡ್ಡ’ ಎಂಬ ವಿಶೇಷಣ ಬಂದರೆ ಅರ್ಥ ತಲೆಕೆಳಗಾಗುತ್ತದೆ. ‘ದೊಡ್ಡ ಹರಿಶ್ಚಂದ್ರ ಬಂದ’ ಎಂದರೆ ಸುಳ್ಳ ಬಂದ. ‘ದೊಡ್ಡ ಬೃಹಸ್ಪತಿ’ ಎಂದರೆ ದಡ್ಡ. ‘ದೊಡ್ಡ ಕರ್ಣ’ ಎಂದರೆ ಕಾಫಿಯ ಬಿಲ್ಲು ಬಂದಾಗ ಫೋನು ಕಿವಿಗಿಡುವವನು. ಕೆಟ್ಟವರಿಗೆ ಈ ನಿಯಮ ತಗುಲದು. ದೊಡ್ಡ ಶಕುನಿ ಇನ್ನೂ ದೊಡ್ಡ ಶಕುನಿಯೇ. ವಿರಾಟನ ಮಗ ಉತ್ತರನಿಗಂತೂ ಯಾವ ಪ್ರತ್ಯಯದ ಸಹಾಯವೂ ಬೇಡ. ಅವನ ಪೌರುಷ ಒಲೆ ಮುಂದೆ ಎಂದು ಗಾದೆಯೇ ತೀರ್ಪು ಕೊಟ್ಟಾಗಿದೆ, ಕುಮಾರವ್ಯಾಸ ಅವನನ್ನು ನಗೆಪಾಟಲು ಮಾಡಿಯೂ ಆಗಿದೆ.

ಪುರಾಣದ ಸರಕು ಸಾಲದೆ ಹೋದಾಗ ರಂಗಭೂಮಿ, ಸಿನಿಮಾ ಪೂರೈಸಿದವು. ಕೈಲಾಸಂ ‘ಬಂಡ್ವಾಳ್ವಿಲ್ಲದ ಬಡಾಯಿ’ಯಲ್ಲಿ ಕೊಟ್ಟ ಅಹೋಬ್ಲು ಕಕ್ಷಿದಾರರಿಗಿಂತ ಕೊಚ್ಚಿಕೊಳ್ಳುವ ಮಾತೇ ಹೆಚ್ಚಿದ್ದ ವಕೀಲ. 1972ರ ‘ನಾಗರಹಾವು’ ಸಿಟ್ಟಿನ ಹುಡುಗರಿಗೆಲ್ಲ ರಾಮಾಚಾರಿ ಎಂದೂ ತಿದ್ದಿ ಬುದ್ಧಿ ಹೇಳುವವರಿಗೆಲ್ಲ ಚಾಮಯ್ಯ ಮೇಷ್ಟ್ರು ಎಂದೂ ಹೆಸರಿಟ್ಟಿತು. ಆ ಮೇಷ್ಟ್ರಾಗಿ ಅಭಿನಯಿಸಿದ ಕೆ.ಎಸ್. ಅಶ್ವಥ್ ಮೈಸೂರಿನವರೇ. ಗಡ್ಡ ಬಿಟ್ಟವನಿಗೆ ಮಾತ್ರ ಊರಿನ ಹೆಸರು ಸಿಗದೆ, ಶರತ್‌ಚಂದ್ರರ ಬಂಗಾಳದಿಂದ ದೇವದಾಸನನ್ನು ತರಿಸಬೇಕಾಯಿತು.

1970ರಲ್ಲಿ ರಾಜಕುಮಾರ್ ಅಭಿನಯದ ‘ಬೋರೇಗೌಡ ಬೆಂಗಳೂರಿಗೆ ಬಂದ’ ತೆರೆಗೆ ಬಂತು. ಹಳ್ಳಿಯಿಂದ ಪೇಟೆಗೆ ಬಂದು ಕಣ್ಣು ಬಿಡುವವನಿಗೆ ಬೋರೇಗೌಡ ಎನ್ನುವುದು ಹೀಗೆ ಶೀರ್ಷಿಕೆಯ ಅಧಿಕಾರವನ್ನೇ ಪಡೆಯಿತು. ಮೈಸೂರು, ಮಂಡ್ಯದ ಕಡೆ ಬೋರೇಗೌಡ ಎಂಬುದು ಊರ ಯಜಮಾನರ ಹೆಸರು. ರಾಮಕೃಷ್ಣನಗರದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ ‘ಒಳ್ಳೆ ಬೋರೇಗೌಡನ ಥರ ಆಡ್ತಾನೆ’ ಎನ್ನುವವರ ಪೈಕಿ ಕೆಲವರ ಪಹಣಿಯಲ್ಲಿ ತಾತನ ಹೆಸರು ಏನಿದೆ ಎಂದು ಸಂಶೋಧಕರು ಕೇಳಬಾರದು. ಕೇಳಿದರೆ ಕಾಫಿ ಬರುವುದಿಲ್ಲ.

ಗೌರಮ್ಮನ ಪಾಡು ಇನ್ನೊಂದು. ಭಾದ್ರಪದದ ತದಿಗೆಯಂದು ಬಾಗಿನ ಕೊಟ್ಟು ಕೂರಿಸುವ ದೇವಿ ಅವಳು. ಜಡೆ ಹೆಣೆದು, ಮಲ್ಲಿಗೆ ಮುಡಿದು, ತಲೆ ತಗ್ಗಿಸಿ ನಡೆಯುವ ಹುಡುಗಿಗೆ ಅದೇ ಹೆಸರು ಕಾಲೇಜಿನ ವರಾಂಡದಲ್ಲಿ ಅಂಟಿತು. ಮನೆಯಲ್ಲಿ ಅಜ್ಜಿ ‘ಗೌರಮ್ಮನ ಹಾಗೆ ಕಾಣ್ತೀಯ’ ಎಂದರೆ ದೃಷ್ಟಿ ತೆಗೆಯುತ್ತಾರೆ. ವರಾಂಡದಲ್ಲಿ ಅದೇ ಮಾತಿಗೆ ನಗು ಬರುತ್ತದೆ. ಜೀನ್ಸ್ ತೊಟ್ಟು ಬಂದರೂ ಹುಡುಗಿಗೆ ಹೆಸರು ತಪ್ಪುವುದಿಲ್ಲ, ಬೇರೆಯದು ಸಿದ್ಧವಿರುತ್ತದೆ. ಪಂಚೆಯುಟ್ಟು ಬಂದ ಹುಡುಗನಿಗೆ ಮಾತ್ರ ‘ಸೂಪರ್ ಮಗಾ’ ಎಂಬ ಪ್ರಶಂಸಾಪತ್ರ. ವ್ಯಾಕರಣದಲ್ಲಿ ಲಿಂಗಭೇದ ಎಂದರೆ ಇದೇ ಇರಬೇಕು.

ಬಿದ್ದ ಹೆಸರು ಮೇಲೇಳುವುದೂ ಉಂಟು, ಅಪರೂಪಕ್ಕೆ. ತಿಮ್ಮ ಎಂದರೆ ಪೆದ್ದ, ಕುಣಿಸುವ ಕೋತಿಗೂ ಅದೇ ಹೆಸರು. 1943ರಲ್ಲಿ ಡಿ.ವಿ.ಜಿ. ‘ಮಂಕುತಿಮ್ಮನ ಕಗ್ಗ’ ಪ್ರಕಟಿಸಿ ಅವನನ್ನು ತತ್ತ್ವಜ್ಞಾನಿ ಮಾಡಿದರು. ಬೀಚಿ ಅವನ ಕೈಯಲ್ಲಿ ನಿಘಂಟನ್ನೇ ಕೊಟ್ಟು ‘ತಿಮ್ಮಿಕ್ಷನರಿ’ ಎಂದರು. ನಗೆಹನಿ ಅಂಕಣದ ಗುಂಡನಿಗೆ ಆ ಭಾಗ್ಯವಿಲ್ಲ. ಅವನು ಇಂದಿಗೂ ಅದೇ ಮೇಷ್ಟ್ರ ಅದೇ ತರಗತಿಯಲ್ಲಿ ಕೂತಿದ್ದಾನೆ.

ಇದು ಕನ್ನಡಿಗರದೇ ಚಾಳಿಯಲ್ಲ. ಅಮೆರಿಕದಲ್ಲಿ ಮ್ಯಾನೇಜರನ್ನು ಕರೆಯಿರಿ ಎಂದು ಜಗಳಕ್ಕೆ ನಿಲ್ಲುವ ಹೆಂಗಸು ಕರೆನ್. ಜರ್ಮನಿಯಲ್ಲಿ ಕೆವಿನ್ ಎಂಬ ಹುಡುಗನನ್ನು ಮೇಷ್ಟ್ರುಗಳೇ ತಂಟೆಕೋರನೆಂದು ಮೊದಲೇ ಎಣಿಸುತ್ತಾರೆಂದು ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನ 2009ರಲ್ಲಿ ತೋರಿಸಿತು. ಹೆತ್ತವರು ಹೊಸ ಫ್ಯಾಷನ್ನೆಂದು ಒಲಿದು ಇಟ್ಟ ಹೆಸರದು.

ಆದ್ದರಿಂದ ಮುಂದಿನ ಹಂತದ ಅಧ್ಯಯನಕ್ಕೆ ಪಾರ್ಕಿನ ಜಾರುಬಂಡೆಯ ಬಳಿಯ ಮಕ್ಕಳನ್ನು ಆರಿಸಲಾಯಿತು. ಅಲ್ಲಿ ‘ವಿಹಾನ್’ ಎಂದು ಕೂಗಿದರೆ ಮೂರು ತಲೆಗಳು ತಿರುಗುತ್ತವೆ. ಬಹುತ್ವ ಆಗಲೇ ಸಿದ್ಧಿಸಿದೆ ಎಂದು ಸೂತ್ರ ಓದಿ ವಿವರಿಸಿದಾಗ, ಮೂವರ ತಾಯಂದಿರೂ ಸಂಶೋಧನೆಗೆ ಒಪ್ಪಿಗೆ ಕೊಡಲಿಲ್ಲ. ‘ದೊಡ್ಡ ಕೇಶಿರಾಜ ಬಂದ’ ಎಂದಷ್ಟೇ ಒಬ್ಬರು ಹೇಳಿದ್ದು ದಾಖಲೆಯಾಗಿದೆ.