ಕೇಸ್‌ಶೀಟ್ ಶಾಸನ: ಲಿಪಿ, ಕಾಲನಿರ್ಣಯ ಮತ್ತು ಪಾಠಾಂತರಗಳು

ಐದನೆಯ ಶತಮಾನದ್ದೆನ್ನಲಾಗುವ ಹಲ್ಮಿಡಿ ಶಾಸನವನ್ನು ಸಲೀಸಾಗಿ ಓದುವ ಪಂಡಿತರು, ಆಸ್ಪತ್ರೆಯ ಮಂಚಕ್ಕೆ ತೂಗುಬಿಟ್ಟ ನಿನ್ನೆಯ ಹಾಳೆಯ ಮುಂದೆ ಕನ್ನಡಕ ಒರೆಸುತ್ತ ನಿಲ್ಲುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಅದೇ ಹಾಳೆಯನ್ನು ನಡೆಯುತ್ತಲೇ ಓದಿ ಮುಗಿಸುತ್ತಾಳೆ ಎಂಬುದು ನಿಜ. ಆ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳಬೇಕೆಂದಿತ್ತು, ಜಾಗ ಸಾಲಲಿಲ್ಲ.

ಶಾಸನಕ್ಕೆ ‘ಸ್ವಸ್ತಿ’ ಇದ್ದಂತೆ ಇದಕ್ಕೆ ಬಾಲಕ್ಕೆ ಗೀಟು ಹೊಡೆದ ಆರ್ ಅಕ್ಷರ. ಲ್ಯಾಟಿನ್ನಿನ ‘ರೆಸಿಪೆ’, ಅಂದರೆ ‘ತೆಗೆದುಕೋ’. ಈ ಅಪ್ಪಣೆ ರೋಗಿಗೆ ಕೊಟ್ಟದ್ದಲ್ಲ. ಇಂತಿಂಥ ವಸ್ತು ತೆಗೆದುಕೊಂಡು ಕಲಸು ಎಂದು ಮದ್ದು ಅರೆಯುವವನಿಗೆ ಕೊಟ್ಟದ್ದು.

ಮುಂದಿನದು ಕಾಲನಿರ್ಣಯ. ಹಾಳೆಯಲ್ಲಿರುವ 1-0-1 ಎಂಬುದನ್ನು ಒಂದು ಪಂಥ ಶಕವರ್ಷ 101 ಎಂದು ಓದಿ, ಕಾಗದವನ್ನು ಶಾತವಾಹನರ ಕಾಲಕ್ಕೆ ಒಯ್ದಿದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದು ಪಕ್ಕದ ಮಂಚದ ಅಜ್ಜಿಗೂ ಗೊತ್ತು. ಆದರೆ ಅಜ್ಜಿ ಇನ್ನೂ ಪ್ರಬಂಧ ಮಂಡಿಸಿಲ್ಲ.

ಲ್ಯಾಟಿನ್ ಪಳೆಯುಳಿಕೆಗಳು ಇನ್ನೂ ಇವೆ. ಬಿಡಿ ಎಂದರೆ ದಿನಕ್ಕೆರಡು ಸಲ, ಟಿಡಿಎಸ್ ಮೂರು, ಕ್ಯೂಐಡಿ ನಾಲ್ಕು, ಎಚ್‌ಎಸ್ ಮಲಗುವಾಗ, ಸ್ಟಾಟ್ ಈಗಿಂದೀಗಲೇ. ಟಿಡಿಎಸ್ಸನ್ನು ಸಂಬಳದಲ್ಲಿ ಹಿಡಿಯುವ ತೆರಿಗೆಯೆಂದು ವಾದಿಸುವ ನಿವೃತ್ತ ಗುಮಾಸ್ತರ ಪಂಥವನ್ನೂ, ‘ಬಿಡಿ’ಯನ್ನು ಅಚ್ಚಗನ್ನಡವೆಂದು ತಿಳಿದು ಮಾತ್ರೆಯನ್ನೇ ಬಿಟ್ಟವರ ಪಂಥವನ್ನೂ ಇಲ್ಲಿ ಗೌರವಪೂರ್ವಕವಾಗಿ ಕೈಬಿಡಲಾಗಿದೆ. ಪ್ಯಾರಾಸಿಟಮಾಲ್ ಮುಂದೆ ಎಸ್‌ಒಎಸ್ ಎಂದಿದ್ದರೆ ಯಾವ ಹಡಗೂ ಮುಳುಗುತ್ತಿಲ್ಲ. ಬೇಕೆನಿಸಿದರೆ ಮಾತ್ರ ಕೊಡಿ ಎಂದರ್ಥ. ಓಡಿ ಎಂಬುದಂತೂ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೊಮ್ಮೆ, ಕಣ್ಣಿನ ವಾರ್ಡಿನಲ್ಲಿ ಬಲಗಣ್ಣು. ಹಳಗನ್ನಡದಲ್ಲಿ ಇಂಥ ಪಾಠಾಂತರ ಸಿಕ್ಕಿದರೆ ಪಂಡಿತರಿಗೆ ಎರಡು ಲೇಖನಗಳ ಹಬ್ಬ. ಇಲ್ಲಿ ಹನಿ ಬೀಳುವ ಕಣ್ಣೇ ಬದಲಾಗುತ್ತದೆ.

ಇಡೀ ಶಾಸನದ ಅತಿ ಅಪಾಯದ ಅಕ್ಷರ ಸೊನ್ನೆ. ಇನ್ಸುಲಿನ್ 10 ಎಂದು ಬರೆದು, ಯೂನಿಟ್ ಎನ್ನಲು ಸೋಮಾರಿತನಪಟ್ಟು ಯು ಎಂದಷ್ಟೇ ಅಂಟಿಸಿದರೆ, ಆ ಯುವಿನ ಬಾಯಿ ಕೂಡಿಕೊಂಡು 100 ಆಗುತ್ತದೆ. 1.0 ಮಿಲಿಗ್ರಾಂನ ಚುಕ್ಕೆ ಮಾಸಿದರೆ 10, .5ರ ಚುಕ್ಕೆ ಮಾಸಿದರೆ 5. ಆದ್ದರಿಂದ ಬಾಲದ ಸೊನ್ನೆ ಬೇಡ, ತಲೆಯ ಸೊನ್ನೆ ಬೇಕು. 1 ಎಂದಷ್ಟೇ ಬರೆಯಬೇಕು, 0.5 ಎಂದು ತಪ್ಪದೆ ಬರೆಯಬೇಕು. ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲಿ ಬಹಿಷ್ಕಾರ ಹಾಕಿದ ಬರಹಗಳ ಪಟ್ಟಿಯಲ್ಲಿ ಇವೆಲ್ಲ ಇವೆ. ಔಷಧದ ಜೆನೆರಿಕ್ ಹೆಸರನ್ನು ಓದುವಂತೆ, ಆದಷ್ಟೂ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ಹೇಳಿತು. ಲಿಪಿತಜ್ಞರ ಹೊಟ್ಟೆಯ ಮೇಲೆ ಹೊಡೆಯಬೇಕಿದ್ದ ಈ ಸುಧಾರಣೆ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಲು ಕ್ಷೇತ್ರಕಾರ್ಯವೇನೂ ಬೇಡ, ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ಹತ್ತು ನಿಮಿಷ ನಿಂತರೆ ಸಾಕು.

ಮತ್ತರು, ಕೊಳಗಗಳ ಅಳತೆ ಊರಿಂದೂರಿಗೆ ಬೇರೆಯಾಗುತ್ತಿತ್ತೆಂದು ಗೊಣಗುವ ಸಂಶೋಧಕರು ಇನ್ಸುಲಿನ್ ಬಾಟಲಿಯನ್ನು ನೋಡಬೇಕು. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದೂ ಉಂಟು, 100 ಇರುವುದೂ ಉಂಟು. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 8 ಯೂನಿಟ್ ಮಾತ್ರ.

ಮಾರ್ಗ ವಿಚಾರ ಸಂಕ್ಷಿಪ್ತ. ಸೂಜಿ ಸ್ನಾಯುವಿಗೆ 90 ಡಿಗ್ರಿ, ಚರ್ಮದಡಿಗೆ ಸಾಮಾನ್ಯವಾಗಿ 45, ಚರ್ಮದೊಳಕ್ಕೆ 10ರಿಂದ 15. ಎದೆನೋವಿನ ಐಸೊಸಾರ್ಬೈಡ್ ಡೈನೈಟ್ರೇಟ್ ನಾಲಿಗೆಯಡಿಯಲ್ಲಿ ಕರಗಬೇಕು. ನುಂಗಿದ ಮದ್ದು ಕರುಳಿನಿಂದ ಮೊದಲು ಯಕೃತ್ತಿಗೆ ಹೋಗಿ, ಅಲ್ಲಿ ಸುಂಕ ತೆತ್ತು ಮಿಕ್ಕಷ್ಟೇ ಮುಂದೆ ಸಾಗುತ್ತದೆ. ಔಷಧಶಾಸ್ತ್ರದವರು ಇದನ್ನು ಫಸ್ಟ್ ಪಾಸ್ ಎನ್ನುತ್ತಾರೆ. ನಾಲಿಗೆಯಡಿಯ ದಾರಿಗೆ ಈ ಸುಂಕದಕಟ್ಟೆ ಅಡ್ಡ ಬರುವುದಿಲ್ಲ.

ಕೊನೆಗೆ ಶಾಪಾಶಯ. ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ತಟ್ಟಲೆಂದು ಕಲ್ಲುಗಳು ಬೆದರಿಸುತ್ತವೆ. ಕೇಸ್‌ಶೀಟಿನಲ್ಲಿ ಆ ಜಾಗದಲ್ಲಿ ಗಂಟೆ ಮತ್ತು ಸಿಸ್ಟರ್ ಸಹಿ ಇರುತ್ತದೆ. ರೋಗಿ, ಮದ್ದು, ಪ್ರಮಾಣ, ಮಾರ್ಗ, ಹೊತ್ತು ಈ ಐದೂ ಸರಿಯೆಂದು ನೋಡಿ, ಮದ್ದು ಕೊಟ್ಟ ಮೇಲೆಯೇ ಸಹಿ. ಕೊಡುವ ಮೊದಲು ಹಾಕುವಂತಿಲ್ಲ. ಅಕ್ಷರ ಅರ್ಥವಾಗದಿದ್ದರೆ ಊಹಿಸುವಂತೆಯೂ ಇಲ್ಲ, ಬರೆದವರನ್ನೇ ಕೇಳಬೇಕು. ಕಲ್ಲು ಕೆತ್ತಿಸಿದವರಿಗೆ ಫೋನ್ ಮಾಡುವ ಸೌಲಭ್ಯ ಶಾಸನತಜ್ಞರಿಗಿಲ್ಲ. ರಾತ್ರಿ ಎರಡು ಗಂಟೆಗೆ ಡಾಕ್ಟರೂ ಎತ್ತುವುದಿಲ್ಲವಲ್ಲ ಎಂಬುದು ಅವರ ಆಕ್ಷೇಪ. ನೈಟ್ ಡ್ಯೂಟಿಯ ಸಿಸ್ಟರು ಎತ್ತುವವರೆಗೂ ಮಾಡುತ್ತಲೇ ಇರುತ್ತಾರೆ ಎಂಬುದನ್ನು ಆಕ್ಷೇಪ ಎತ್ತಿದವರು ಗಮನಿಸಿದಂತಿಲ್ಲ.