ವರಾಹಮಿಹಿರರ ಪಕ್ಕದ ಸೀಟು

ಹಳೇ ನಾಣ್ಯದ ಗೀಳು ಹತ್ತಿದವರಲ್ಲಿ ಎರಡು ಜಾತಿ. ಕೂಡಿಡುವವರು ಮತ್ತು ಕೆದಕುವವರು. ಕೂಡಿಡುವವರಿಂದ ಲೋಕಕ್ಕೆ ಉಪದ್ರವವಿಲ್ಲ. ಆಲ್ಬಮ್ಮು ತುಂಬಿಸಿಕೊಂಡು, ಹೆಂಡತಿಯ ಕೈಲಿ ಬೈಸಿಕೊಂಡು, ತಮ್ಮ ಪಾಡಿಗೆ ತಾವಿರುತ್ತಾರೆ. ಕೆದಕುವವರ ಹತ್ತಿರ ತಮ್ಮದು ಎನ್ನುವ ನಾಣ್ಯ ಹೆಚ್ಚಿರುವುದಿಲ್ಲ. ಅವರ ಕಣ್ಣೆಲ್ಲ ನಿಮ್ಮ ಮನೆಯ ನಾಣ್ಯದ ಮೇಲೆ. ಕದಿಯುವುದಕ್ಕಲ್ಲ ಪಾಪ, ಅದು ಖೋಟಾ ಅಂತ ಸಾಬೀತು ಮಾಡುವುದಕ್ಕೆ.

ಇಂಥವರನ್ನು ಗುರುತಿಸುವುದು ಸುಲಭ. ಅಂಗಿಯ ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಭೂತಗನ್ನಡಿ. ಪ್ಯಾಂಟಿನ ಜೇಬಿನಲ್ಲಿ ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಅಯಸ್ಕಾಂತ, ಹಳೇ ಫಿಲ್ಮ್ ರೋಲಿನ ಡಬ್ಬಿಯಲ್ಲಿ ಗುಲಗಂಜಿ. ತಕ್ಕಡಿ ಇದ್ದ ಮೇಲೆ ಗುಲಗಂಜಿ ಯಾಕೆ ಅಂತ ಕೇಳಬೇಡಿ. ಕೇಳಿದವನ ಕಥೆ ಮುಗಿಯಿತು. ಎರಡು ಸಾವಿರ ವರ್ಷದ ಹಿಂದೆ ಬೆಳ್ಳಿಯ ಮುದ್ರಾಂಕಿತ ನಾಣ್ಯಕ್ಕೆ ಮೂವತ್ತೆರಡು ಗುಲಗಂಜಿ ತೂಕ, ಅಂದರೆ ಈಗಿನ ಮೂರೂವರೆ ಗ್ರಾಮಿಗೆ ಚೂರು ಕಡಿಮೆ ಅಂತ ಶುರುವಾದದ್ದು ವೈಟ್‌ಫೀಲ್ಡ್ ಬಂದರೂ ನಿಲ್ಲುವುದಿಲ್ಲ.

ವೈಟ್‌ಫೀಲ್ಡ್ ಯಾಕೆ ಬಂತು ಎಂದರೆ, ನಾನು ಹೇಳುತ್ತಿರುವ ಮಹಾಶಯರು ನನಗೆ ಗಂಟುಬಿದ್ದದ್ದೇ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಗಾಡಿಯಲ್ಲಿ. ಆ ಗಾಡಿ ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವ ಹೊತ್ತಿಗೆ ಕೆ.ಜಿ.ಎಫ್.ನವರು ಸೀಟುಗಳನ್ನೆಲ್ಲ ಹಿಡಿದಾಗಿರುತ್ತದೆ. ನಾವು ಬಂಗಾರಪೇಟೆಯವರು ಮೊಳಕೈ ಬಳಸಿ ಒಳಗೆ ನುಗ್ಗಿ, ಬೆಂಗಳೂರಿನವರೆಗೆ ನಿಂತೇ ನಿದ್ದೆ ಮಾಡುವವರು. ಅಂಥಾದ್ದರಲ್ಲಿ ಅವರು ದಿನಾ ಟವೆಲ್ಲು ಹಾಸಿ ನನಗೊಂದು ಸೀಟು ಹಿಡಿದಿರುತ್ತಿದ್ದರು. ಆ ಋಣ ಸಣ್ಣದಲ್ಲ. ಬಡ್ಡಿಯೂ ಸಣ್ಣದಲ್ಲ. ಗಾಡಿಯಲ್ಲಿ ಎಲ್ಲರೂ ಅವರನ್ನು ವರಾಹಮಿಹಿರ ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ವರಾಹಮಿಹಿರರು ಗಣಿಯ ಅಸ್ಸೇ ಆಫೀಸಿನಲ್ಲಿದ್ದವರು. ಅದಿರಿನಲ್ಲಿ ಚಿನ್ನ ಎಷ್ಟಿದೆ ಅಂತ ಹೇಳುವ ಜಾಗ ಅದು. ಅದಿರಿನ ಪುಡಿಯನ್ನು ಸೀಸದ ಜೊತೆ ಕರಗಿಸಿ, ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿಟ್ಟು ಕುಲುಮೆಗೆ ಹಾಕಿದರೆ ಸೀಸವನ್ನೆಲ್ಲ ಬಟ್ಟಲು ಹೀರಿಕೊಂಡು ಕೊನೆಗೆ ಸಾಸಿವೆಗಿಂತ ಚಿಕ್ಕದೊಂದು ಮಣಿ ಉಳಿಯುತ್ತದೆ. ಆಸಿಡ್ಡಿನಲ್ಲಿ ಅದರ ಬೆಳ್ಳಿ ಕಳೆದು, ಉಳಿದ ಚಿನ್ನ ತೂಗಿ ಬರೆದಿಡುವುದು ಇವರ ಕೆಲಸ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದಾಗ ಬಟ್ಟಲು, ಕುಲುಮೆ, ಪಗಾರ ಮೂರೂ ಹೋದವು. ಪರೀಕ್ಷೆ ಮಾಡುವ ಚಟ ಮಾತ್ರ ಹೋಗಲಿಲ್ಲ. ಅದಿರು ಸಿಗದಿದ್ದಕ್ಕೆ ನಾಣ್ಯ ಹಿಡಿದುಕೊಂಡರು. ನಾಣ್ಯ ಸಿಗದ ದಿನ ನನ್ನನ್ನು.

ಸುತ್ತಿಗೆಯಲ್ಲಿ ಹೊಡೆದ ನಾಣ್ಯ ಅಂದರೇನು ಅಂತ ಅವರು ನನಗೆ ತೋರಿಸಿಕೊಟ್ಟದ್ದು ನನ್ನ ಊಟದ ಡಬ್ಬಿಯ ಮೇಲೆ. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಕೂತಿರುತ್ತದೆ, ಅದರ ಮೇಲೆ ಚಿನ್ನದ ಬಿಲ್ಲೆ, ಬಿಲ್ಲೆಯ ಮೇಲೆ ಎಡಗೈಲಿ ಹಿಡಿದ ಇನ್ನೊಂದು ಅಚ್ಚು, ಬಲಗೈಲಿ ಸುತ್ತಿಗೆ. ಹೊಡೆತಕ್ಕೆ ಕೈ ಅಲುಗುತ್ತದೆ, ಅಚ್ಚು ಜಾರುತ್ತದೆ. ಒಂದರಲ್ಲಿ ದೇವರ ಕಿರೀಟ ಅಂಚಿನಾಚೆ, ಇನ್ನೊಂದರಲ್ಲಿ ಪಾದ. “ಟಂಕಸಾಲೆಯವನಿಗೆ ಬೇಕು ಅಂದರೂ ಒಂದರ ಹಾಗೆ ಇನ್ನೊಂದು ಬರಲ್ಲ ಸ್ವಾಮಿ” ಅಂತ ಡಬ್ಬಿಗೆ ಇನ್ನೊಂದು ಗುದ್ದು. ಅವತ್ತು ಆಫೀಸಿನಲ್ಲಿ ನಾನು ತಿಂದದ್ದು ಚಟ್ನಿಯಲ್ಲಿ ನೆಂದ ಚಿತ್ರಾನ್ನ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಮೂಲ ಕೇಳುವ ಚಾಳಿ. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಕೊಟ್ಟವರಿಗೆ ಯಾರು ಕೊಟ್ಟರು, ಚೀಟಿ ಇದೆಯಾ? ಸಾಕ್ಷಾತ್ ಕೃಷ್ಣದೇವರಾಯನೇ ಬಂದು ಒಂದು ವರಾಹ ಕೈಗಿಟ್ಟರೂ ಚೀಟಿ ಕೇಳುವ ಆಸಾಮಿ.

ಬೂದಿಕೋಟೆ ನಮ್ಮ ತಾಲ್ಲೂಕಿನಲ್ಲೇ ಇರುವುದರಿಂದ, ಹೈದರಾಲಿ ಹುಟ್ಟಿದ್ದೂ ಅಲ್ಲೇ ಆದ್ದರಿಂದ, ಹೈದರನ ನಾಣ್ಯ ಮಾರುವವರಿಗೆ ನಮ್ಮ ಕಡೆ ಬರಗಾಲವಿಲ್ಲ. ಒಬ್ಬ ಹುಡುಗ ಗಾಡಿಯಲ್ಲೇ ಕರವಸ್ತ್ರ ಬಿಚ್ಚಿ ತೋರಿಸಿದ. “ಹೊಲ ಉಳೋವಾಗ ಸಿಕ್ತು ಸಾರ್.” ವರಾಹಮಿಹಿರರು ಕನ್ನಡಕ ಸರಿಮಾಡಿಕೊಂಡರು. “ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚಿನ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅಂತ 1878ರಿಂದ ಕಾನೂನಿದೆಯಪ್ಪಾ. ನೀನು ಹೇಳಿದ್ದು ನಿಜವಾದರೆ ನೀನು ಕಳ್ಳ, ಸುಳ್ಳಾದರೆ ನಾಣ್ಯ ಖೋಟಾ. ಯಾವುದು ಬೇಕು, ನೀನೇ ಆರಿಸಿಕೋ.” ಹುಡುಗ ಟೇಕಲ್‌ನಲ್ಲಿ ಇಳಿದುಹೋದ. ಅವನ ಟಿಕೆಟ್ಟು ಬೆಂಗಳೂರಿನವರೆಗೆ ಇತ್ತು ಅಂತ ನನ್ನ ಅನುಮಾನ. ಆಮೇಲೆ ನನಗೆ ಪಾಠ: ಹೈದರ ಬಿದನೂರು ಗೆದ್ದದ್ದು 1763ರಲ್ಲಿ, ಅಲ್ಲಿನ ಶಿವಪಾರ್ವತಿಯರ ವರಾಹವನ್ನು ಹಾಗೇ ಮುಂದುವರಿಸಿದ, ಹಿಂದುಗಡೆ ತನ್ನ ಹೆಸರಿನ ಮೊದಲಕ್ಷರ ಒಂದನ್ನೇ ಫಾರಸಿಯಲ್ಲಿ ಹಾಕಿಸಿದ. ಹುಡುಗನ ನಾಣ್ಯದ ಮೇಲೆ ಪೂರ್ತಿ ಹೆಸರಿತ್ತು, ಆನೆಯೂ ಇತ್ತು. “ಆನೆ ಹೆಚ್ಚಾಗಿ ಮಗನದು. ಖೋಟಾ ಮಾಡೋರಿಗೂ ಅಪ್ಪ ಯಾರು, ಮಗ ಯಾರು ಗೊತ್ತಿರಬೇಡವಾ?” ಆ ಮಗ, ಅಂದರೆ ಟಿಪ್ಪು, ಮೌಲೂದಿ ಶಕೆ ತಂದಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದನಂತೆ. 1215 ಅನ್ನುವುದು 5121 ಅಂತ ಕಾಣುತ್ತದೆ. ಅದನ್ನು ತಪ್ಪು ಅಂತ ತಿಳಿದು ತಿದ್ದಿ ಅಚ್ಚು ಹಾಕುವ ಖೋಟಾದವರ ಮೇಲೆ ವರಾಹಮಿಹಿರರಿಗೆ ಕೋಪಕ್ಕಿಂತ ಕನಿಕರ ಹೆಚ್ಚು.

ಮದುವೆಯ ಪ್ರಸಂಗಕ್ಕೆ ಬರುತ್ತೇನೆ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ. ಬಂಗಾರಪೇಟೆಯ ಛತ್ರದಲ್ಲಿ ನಮ್ಮ ಹತ್ತಿರದವರ ಮಗಳ ಮದುವೆ. ಸೀಟಿನ ಋಣಕ್ಕೆ ಅವರನ್ನೂ ಕರೆದಿದ್ದೆ. ಗಂಡಿನ ಸೋದರಮಾವ ಬೆಂಗಳೂರಿನಲ್ಲಿ ದೊಡ್ಡ ಕುಳ. ವಧೂವರರಿಗೆ ತಲಾ ಒಂದು ಕೃಷ್ಣದೇವರಾಯನ ಚಿನ್ನದ ವರಾಹ, ಕೆಂಪು ಮಖಮಲ್ಲಿನ ಡಬ್ಬಿಯಲ್ಲಿ. ಬೆಣ್ಣೆ ಹಿಡಿದು ಕೂತ ಬಾಲಕೃಷ್ಣ ಒಂದು ಕಡೆ, ನಾಗರಿಯಲ್ಲಿ ಶ್ರೀ ಪ್ರತಾಪ ಕೃಷ್ಣರಾಯ ಅಂತ ಇನ್ನೊಂದು ಕಡೆ. ಹಂಪಿಯ ಹತ್ತಿರದ ಹಳೇ ಮನೆತನದಿಂದ ಬಂದದ್ದು ಅಂತ ಮೈಕಿನಲ್ಲಿ ಘೋಷಣೆಯಾಯಿತು. ಜನ ಚಪ್ಪಾಳೆ ತಟ್ಟಿದರು. ಡಬ್ಬಿ ಊಟದ ಪಂಕ್ತಿಯಲ್ಲಿ ಕೈಯಿಂದ ಕೈಗೆ ಬಂತು. ಹೋಳಿಗೆ ಇನ್ನೇನು ನಮ್ಮ ಸಾಲಿಗೆ ಬರಬೇಕು, ಡಬ್ಬಿ ಇವರ ಕೈಗೆ ಬಂತು. ಎಡಗೈ ಒರೆಸಿಕೊಂಡು ಭೂತಗನ್ನಡಿ ತೆಗೆದರು. “ಈಗ ಬೇಡ” ಅಂದೆ. ಕೇಳಿಸಲಿಲ್ಲ.

ಎರಡೂ ನಾಣ್ಯಗಳನ್ನು ಬಾಳೆ ಎಲೆಯ ತುದಿಯಲ್ಲಿ, ಉಪ್ಪಿನ ಪಕ್ಕದಲ್ಲಿ, ಒಂದರ ಪಕ್ಕ ಒಂದು ಇಟ್ಟುಕೊಂಡರು. ಮೊದಲನೆಯದರಲ್ಲಿ ಗಂಟೆಯ ಮುಳ್ಳು ಎರಡರ ಮೇಲಿದ್ದಂತೆ ಅಂಚಿನಲ್ಲೊಂದು ಸಣ್ಣ ಕಚ್ಚು. ಎರಡನೆಯದನ್ನು ತಿರುಗಿಸಿದರು. ಅದೇ ಜಾಗ, ಅದೇ ಕಚ್ಚು. ಬಾಲಕೃಷ್ಣನ ಮಂಡಿ ಎರಡರಲ್ಲೂ ಅದೇ ಅಳತೆಗೆ ಅಂಚಿನಿಂದ ಆಚೆ. ನನಗೂ ಭೂತಗನ್ನಡಿ ಕೊಟ್ಟರು. ಮೇಲ್ಮೈಯಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು, ಅಂಚಿನ ಸುತ್ತ ಅರದಿಂದ ಉಜ್ಜಿದ ಗೆರೆ. ಒಂದು ಅಸಲಿ ನಾಣ್ಯದಿಂದ ಅಚ್ಚಿನ ಗೂಡು ತೆಗೆದು ಚಿನ್ನ ಎರಕ ಹೊಯ್ದರೆ, ಒಳಗೆ ಸಿಕ್ಕ ಗಾಳಿ ಗುಳಿಯಾಗುತ್ತದೆ, ಗೂಡಿನ ಎರಡು ಹೋಳು ಕೂಡಿದ ಕಡೆ ಏಳುವ ಗೆರೆಯನ್ನು ಉಜ್ಜಿ ಅಳಿಸಬೇಕಾಗುತ್ತದೆ, ಮೂಲದ ಕಚ್ಚು ಮಕ್ಕಳಿಗೆಲ್ಲ ಬರುತ್ತದೆ. ಒಂದೇ ಅಚ್ಚಿನ ಅಸಲಿ ನಾಣ್ಯಗಳಾದರೆ ಚಿತ್ರ ಒಂದೇ ಇರಬಹುದು, ಬಿಲ್ಲೆಯ ಆಕಾರ, ಏಟು ಬಿದ್ದ ರೀತಿ ಬೇರೆ ಬೇರೆ ಇರಲೇಬೇಕು.

ಅಷ್ಟರಲ್ಲಿ ಸೋದರಮಾವ ಉಪಚಾರಕ್ಕೆ ಬಂದರು. “ಹೇಗಿದೆ ಸಾರ್ ಜೋಡಿ?” ವರಾಹಮಿಹಿರರು ಮೆಲ್ಲಗೇ ಹೇಳಿದರು. ಆದರೆ ಗಿರಣಿ ಸದ್ದಿನ ನಡುವೆ ಮಾತಾಡಿ ಬೆಳೆದ ಗಂಟಲು ಅದು. “ಮದುವೆಗೆ ಜೋಡಿ ಚಂದ ಸ್ವಾಮಿ. ಈ ನಾಣ್ಯಕ್ಕೆ ಜೋಡಿ ಇರಬಾರದು.” ಮುಂದೇನಾಯಿತು ಅಂತ ವಿವರಿಸುವುದಿಲ್ಲ. ಹೋಳಿಗೆಯ ತಟ್ಟೆ ಹಿಡಿದ ಹುಡುಗ ನಮ್ಮ ಸಾಲಿನ ಹತ್ತಿರ ಬಂದವನು ಗದ್ದಲ ನೋಡಿ ಹಿಂದಕ್ಕೆ ಹೋದ, ಮತ್ತೆ ಬರಲಿಲ್ಲ. ಚಿನ್ನ ಮಾತ್ರ ಚಿನ್ನವೇ, ನಷ್ಟವೇನಿಲ್ಲ ಅಂತ ಇವರು ಸಮಾಧಾನ ಹೇಳಹೋದದ್ದರಿಂದ ಬೆಂಕಿಗೆ ತುಪ್ಪ ಬಿತ್ತು.

ಇಂಥವರನ್ನು ಮನೆಗೆ ಸೇರಿಸಬಾರದು ಅಂತ ಅವತ್ತೇ ತೀರ್ಮಾನಿಸಿದ್ದೆ. ಆದರೆ ಸ್ವಲ್ಪ ದಿನಕ್ಕೆ ರಾಬರ್ಟ್‌ಸನ್‌ಪೇಟೆಯ ಸಂಗತಿ ಕಿವಿಗೆ ಬಿತ್ತು. ಗಣಿ ಮುಚ್ಚಿದಾಗ ಬಂದ ದುಡ್ಡಿನಲ್ಲಿ ಉಳಿದದ್ದನ್ನೆಲ್ಲ ಒಬ್ಬಾತ ರೈಸ್ ಪುಲ್ಲಿಂಗ್ ನಾಣ್ಯಕ್ಕೆ ಸುರಿಯಲು ಹೊರಟಿದ್ದನಂತೆ. ಈಸ್ಟ್ ಇಂಡಿಯಾ ಕಂಪನಿ, 1818, ಮೇಲೆ ಹನುಮಂತ. ಅಕ್ಕಿಕಾಳು ಎಳೆದುಕೊಳ್ಳುತ್ತದೆ, ವಿದೇಶದವರು ಕೋಟಿಗಟ್ಟಲೆ ಕೊಡುತ್ತಾರೆ. ವರಾಹಮಿಹಿರರು ಹೋಗಿ, ಮಾರುವವರು ತಂದ ಅಕ್ಕಿ ಬಿಟ್ಟು ಮನೆಯ ಡಬ್ಬದ ಅಕ್ಕಿ ಹಾಕಿಸಿದರು. ಒಂದು ಕಾಳೂ ಅಲುಗಲಿಲ್ಲ. ಅವರು ತಂದ ಅಕ್ಕಿಗೆ ಕಬ್ಬಿಣದ ಪುಡಿ ಬಳಿದಿತ್ತು, ನಾಣ್ಯದೊಳಗೆ ಅಯಸ್ಕಾಂತವಿತ್ತು. ದೇಶಕ್ಕೆಲ್ಲ ಒಂದೇ ನಾಣ್ಯ ಅಂತ ಕಂಪನಿ ತಂದದ್ದೇ 1835ರಲ್ಲಿ, ಈ ಹನುಮಂತ ಯಾವ ಟಂಕಸಾಲೆಯಲ್ಲೂ ಹುಟ್ಟಿದವನಲ್ಲ ಅಂತ ಪಾಠವನ್ನೂ ಮಾಡಿ ಬಂದರಂತೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯ ಪರೀಕ್ಷಿಸುವ ರೂಪದರ್ಶಕನೆಂಬ ಅಧಿಕಾರಿ ಇದ್ದಾನೆ. ನಮ್ಮವರದು ಅದೇ ಉದ್ಯೋಗ, ಬಿಟ್ಟಿಗೆ. ಕಾಫಿ ಕೊಟ್ಟರೂ ಸಕ್ಕರೆ ಬೇಡ ಅನ್ನುತ್ತಾರೆ.

ಈ ಮೂಲ ಕೇಳುವ ಚಾಳಿ ಎಲ್ಲಿಂದ ಬಂತು ಅಂತ ಒಮ್ಮೆ ಅವರನ್ನೇ ಕೇಳಿದೆ. ಅವರ ದೃಷ್ಟಿ ಕಿಟಕಿಯಾಚೆಗೆ ಹೋಯಿತು. ಗಣಿಯ ಗೇಟಿನಲ್ಲಿ ಪಾಳಿ ಮುಗಿಸಿ ಬಂದವರನ್ನು ತಡೆದು ಜೇಬು ತಡಕುತ್ತಿದ್ದರಂತೆ. ಯಾರ ಮನೆಯಲ್ಲಾದರೂ ಅದಿರಿನ ಚೂರು ಕಂಡರೆ, ಇದು ಎಲ್ಲಿಂದ ಬಂತು ಹೇಳು. ಇವರ ಅಪ್ಪನನ್ನು ಕೇಳಿದ್ದರು, ತಾತನನ್ನೂ ಕೇಳಿದ್ದರು. “ಎಂಟುನೂರು ಟನ್ ಚಿನ್ನ ತೆಗೆದರು ಅಂತಾರೆ ಸ್ವಾಮಿ. ಎಲ್ಲಿಗೆ ಹೋಯಿತು? ಯಾರ ಕೊರಳಲ್ಲಿದೆ? ಕರಗಿಸಿದ ಮೇಲೆ ನಮ್ಮ ಊರಿನ ಗುರುತು ಅದರ ಮೇಲೆ ಏನಿದೆ? ನಾಣ್ಯವಾದರೆ ಯಾವ ರಾಜ, ಯಾವ ಟಂಕಸಾಲೆ ಅಂತ ಹೇಳುತ್ತೆ. ನಾನು ತೂಗಿದ ಮಣಿಗಳಲ್ಲಿ ಒಂದಾದರೂ ಏನು ಹೇಳುತ್ತೆ?” ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು. ಮೂರು ಕಿಲೋಮೀಟರಿಗೂ ಆಳದಲ್ಲಿ ದೀಪ ಉರಿಯಿತು. ಈಗ ಅಲ್ಲೆಲ್ಲ ನೀರು ನಿಂತಿದೆ, ಮೇಲೆ ಸಯನೈಡ್ ದಿಬ್ಬಗಳಿಂದ ಗಾಳಿಗೆ ಧೂಳು ಹಾರುತ್ತದೆ. ಆ ಧೂಳು ತಿಂದವರ ಮಕ್ಕಳು ಬೆಳಗ್ಗೆ ಕತ್ತಲಲ್ಲೇ ಗಾಡಿ ಹತ್ತಿ ಬೆಂಗಳೂರಿನ ಯಾರದೋ ಗೇಟಿನಲ್ಲಿ ಜೇಬು ತಡಕಿಸಿಕೊಳ್ಳುತ್ತಾರೆ. ನೋಡಿ, ಪಕ್ಕದ ಸೀಟಿನ ಸಹವಾಸದಿಂದ ನನಗೂ ಭಾಷಣ ಬರತೊಡಗಿತು.

ನಮ್ಮ ಮನೆಯಲ್ಲೂ ಒಂದು ನಾಣ್ಯವಿದೆ. ಕಡಲೆಬೇಳೆಗಿಂತ ಚೂರು ದೊಡ್ಡದು, ಕಂಠೀರಾಯಿ ಹಣ, ಮೇಲೆ ನರಸಿಂಹ. ರಣಧೀರ ಕಂಠೀರವ ತಿರುಚನಾಪಳ್ಳಿಗೆ ಮಾರುವೇಷದಲ್ಲಿ ಹೋಗಿ ಜಟ್ಟಿಯನ್ನು ಕೆಡವಿದನಲ್ಲ, ಆಗ ಅವನ ಗಂಟು ಹೊತ್ತುಕೊಂಡು ಹೋದದ್ದು ನಮ್ಮ ಪೂರ್ವಜ. ಸಂತೋಷಪಟ್ಟ ದೊರೆ ಸ್ವಹಸ್ತದಿಂದ ಈ ಹಣ ಕೊಟ್ಟ. ನಾನು ಹಾಜರಿಪಟ್ಟಿಯ ಗುಮಾಸ್ತನಾಗಿದ್ದರೂ ತಲೆ ಎತ್ತಿ ನಡೆಯುವುದು ಈ ವಂಶದ ಬಲದಿಂದ. ನಮ್ಮ ದೊಡ್ಡಮ್ಮ ಇದನ್ನು ದೇವರಮನೆಯ ಕುಂಕುಮದ ಭರಣಿಯಲ್ಲಿಟ್ಟಿದ್ದಾರೆ. ವರಾಹಮಿಹಿರರಿಗೆ ಅದರ ವಾಸನೆ ಹೇಗೆ ಬಡಿಯಿತೋ, ಒಂದು ಭಾನುವಾರ ತಕ್ಕಡಿ ಸಮೇತ ಹಾಜರಾದರು.

ಮೂರು ಗುಲಗಂಜಿಯ ಪಕ್ಕದಲ್ಲಿಟ್ಟು ತೂಗಿದರು, ಅಂಚು ನೋಡಿದರು, ನರಸಿಂಹನ ತೊಡೆ ನೋಡಿದರು. ದೊಡ್ಡಮ್ಮ ಕೋಸಂಬರಿ ಕೊಟ್ಟು, ದೊರೆಯ ಕಥೆಯನ್ನು ಜಟ್ಟಿಯ ಮೀಸೆ ಸಮೇತ ಹೇಳಿದರು. ಇವರು ತಲೆದೂಗುತ್ತಲೇ ಕೇಳಿಸಿಕೊಂಡು, ಒಂದು ಸಣ್ಣ ಕಾಗದದ ಲಕೋಟೆಗೆ ನಾಣ್ಯ ಹಾಕಿ, ಮೇಲೆ ಅಚ್ಚುಕಟ್ಟಾಗಿ ಬರೆದು ಕೊಟ್ಟು ಹೋದರು. ಕಂಠೀರವನ ಕಾಲದ ಹಣ ಅಗಲ, ತೆಳು. ಮುಮ್ಮಡಿ ಕೃಷ್ಣರಾಜರು ಚಿಕ್ಕವರಿದ್ದಾಗ ದಿವಾನ್ ಪೂರ್ಣಯ್ಯ ಅದನ್ನೇ ಮತ್ತೆ ಅಚ್ಚು ಹಾಕಿಸಿದ, ಅದು ಗಿಡ್ಡ, ದಪ್ಪ. ಜಟ್ಟಿ ಬಿದ್ದು ನೂರೈವತ್ತು ವರ್ಷದ ಮೇಲಿನದು. ಲಕೋಟೆಯ ಮೇಲೆ ಹೀಗಿತ್ತು: “ಗಿಡ್ಡ ಕಂಠೀರಾಯಿ ಹಣ. ಅಸಲಿ. ಜೊತೆಗೆ ಬಂದ ಕಥೆ: ಖೋಟಾ.”

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ನಾಣ್ಯ ಬೇಕಾದರೆ ಖೋಟಾ ಅಂತ ಬರೀಲಿ, ಕಥೆ ಹೇಗೋ ಖೋಟಾ ಆಗತ್ತೆ? ನಮ್ಮತ್ತೆ ಹೇಳಿದ್ದು” ಅಂತ ಲಕೋಟೆ ಹರಿದರು. ಮುಂದಿನ ಭಾನುವಾರ ಅವರು ಊಟಕ್ಕೆ ಬಂದು ಬೇರೆ ಬರೆದುಕೊಡಬೇಕು ಅಂತ ನನ್ನ ಕೈಲಿ ಹೇಳಿಕಳಿಸಿದ್ದಾರೆ. ಹೋಳಿಗೆ ಮಾಡಿಸುತ್ತಾರಂತೆ. ಗಾಡಿಯಲ್ಲಿ ಹೇಳಿದೆ. ಬರುತ್ತೇನೆ, ಆದರೆ ನಿಮ್ಮ ದೊಡ್ಡಮ್ಮನ ಅತ್ತೆಗೆ ಯಾರು ಹೇಳಿದರು, ಸ್ವಲ್ಪ ವಿಚಾರಿಸಿಡಿ ಅಂದರು.